ಉಸ್ತಾದರು ಬಿಚ್ಚಿದ ನೆಲ

ಬದ್ರೋದ್ದೀನನಿಗೆ ಅಪ್ಪ ಬಿಟ್ಟುಹೋದದ್ದು ಎರಡೇ: ಒಂದು ಗಾದಿ ಅಂಗಡಿ, ಒಂದು ಗಾದೆ. ಅಂಗಡಿ ಬೀದರಿನಲ್ಲಿ, ಭಾಲ್ಕಿ ರಸ್ತೆಯ ಬದಿಗೆ, ಪಂಕ್ಚರಿನವನಿಗೂ ಚಹಾದವನಿಗೂ ನಡುವೆ, ಇಬ್ಬರೂ ಉಸಿರು ಬಿಗಿಹಿಡಿದು ಬಿಟ್ಟುಕೊಟ್ಟಷ್ಟು ಜಾಗದಲ್ಲಿತ್ತು. ಗಾದೆ ಮಾತ್ರ ಸಾಕಷ್ಟು ಅಗಲವಾಗಿತ್ತು: "ಬಿಚ್ಚಬ್ಯಾಡ, ಮುಚ್ಚು."

ಅಪ್ಪ ಅರಳೆ ಹಿಂಜುವ ಪಿಂಜಾರ. ಹಳೇ ಗಾದಿ ತಂದವರ ಎದುರು ಅದನ್ನು ಬಿಚ್ಚಬಾರದು ಎಂಬುದು ಅವನ ಕಸುಬಿನ ಮರ್ಯಾದೆ. ಬಿಚ್ಚಿದರೆ ಒಳಗಿಂದ ಏನು ಹೊರಬೀಳುತ್ತದೋ ಯಾರು ಬಲ್ಲರು? ತಿಗಣೆ, ಕೂಸಿನ ಉಚ್ಚೆಯ ಕಲೆ, ಯಾರದೋ ಕಾಯಿಲೆಯ ಬೆವರು. ಮನೆಯವರ ಮಾನ ಹೋಗುತ್ತದೆ, ಮಾನ ಹೋದವರು ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾರೆ. ಅದಕ್ಕೇ ಮೇಲೊಂದು ಹೊಸ ಬಟ್ಟೆ ಎಳೆದು ಹೊಲಿದುಬಿಡಬೇಕು. ಗಾದಿಗೂ ಸುಖ, ಮಲಗುವವರಿಗೂ ಸುಖ.

ಜನ ಫೋಮಿನ ಮೇಲೆ ಮಲಗತೊಡಗಿದ ಕಾಲಕ್ಕೆ ಬದ್ರೋದ್ದೀನ ಗಾದಿ ಬಿಟ್ಟು ಗಾಡಿ ಹಿಡಿದ. ಆಟೋ, ಜೀಪು, ಕ್ರೂಸರುಗಳ ಸೀಟು ಹೊಲಿಯತೊಡಗಿದ. ಬದಲಾದದ್ದು ಒಂದೇ ಅಕ್ಷರ. ಗಾದೆ ಹಾಗೇ ಉಳಿಯಿತು. ಹರಿದ ರೆಕ್ಸಿನ್ನಿನ ಮೇಲೆ ಹೊಸ ರೆಕ್ಸಿನ್, ಅದು ಹರಿದರೆ ಅದರ ಮೇಲೆ ಇನ್ನೊಂದು. ಅವನ ಕೈಯಲ್ಲಿ ಹಾದುಹೋದ ಕೆಲವು ಸೀಟುಗಳು ಉಳ್ಳಾಗಡ್ಡಿಯ ಹಾಗಿದ್ದವು. ಸುಲಿದರೆ ಕಣ್ಣಲ್ಲಿ ನೀರು ಬರುತ್ತಿತ್ತೋ ಏನೋ, ಸುಲಿದವರು ಯಾರೂ ಇಲ್ಲ. ಎದೆ ನೋವು ಬಂದಾಗಲೂ ಅವನು ಮೇಲೆ ಮುಲಾಮು ಬಳಿದು, ಅದರ ಮೇಲೆ ಬನಿಯನ್ ಹಾಕಿ, ಅದರ ಮೇಲೆ ಸ್ವೆಟರ್ ತೊಟ್ಟು ಅಂಗಡಿಗೆ ಬಂದವನು.

"ನಮ್ಮ ಯಜಮಾನರು ಸತ್ತರ ಕಫನ್ ಸುದ್ದಾ ಹಳೇ ಅಂಗಿ ಮ್ಯಾಲೇ ಹೊಲಸ್ಕೋತಾರ ನೋಡ್ರಿ," ಎಂದು ಹೆಂಡತಿ ಮುನವ್ವರ ಬೇಗಂ ಚಹಾದವನ ಮುಂದೆ ಹೇಳಿ ನಗುತ್ತಿದ್ದಳು. ಬದ್ರೋದ್ದೀನನೂ ನಗುತ್ತಿದ್ದ.

ದೀಪಾವಳಿ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಅಂಗಡಿ ಮುಂದೆ ಒಂದು ಹಳೇ ಆಂಬುಲೆನ್ಸ್ ಬಂದು ನಿಂತಿತು. ಮೇಲಿನ ಕೆಂಪು ದೀಪ ಒಡೆದಿತ್ತು. ಓಡಿಸುತ್ತಿದ್ದವನು ಶಿವಕಾಂತ ಎಂಬ ಗಡ್ಡದ ಗಂಡಸು. ಪಕ್ಕದಿಂದ ಇಳಿದವನು ಅವನ ಕಾಕಾ, ಔರಾದ ತಾಲೂಕಿನ ಎಕಂಬಾದ ಕುರಿಗಾರ ದತ್ತಾತ್ರಿ, ಬದ್ರೋದ್ದೀನನಿಗೆ ಹಳೇ ಗುರುತಿನವನು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

"ಉಸ್ತಾದರೇ, ಇದನ್ನ ಮನಿ ಮಾಡಿ ಕೊಡ್ರಿ," ಎಂದ.

"ಇದು ಆಂಬುಲೆನ್ಸ್ ಅದಲ್ರೀ ದತ್ತಣ್ಣ?"

"ಇತ್ತುರಿ. ಈಗ ಅದಕ್ಕೇ ಆರಾಮಿಲ್ಲ. ಗುಜರಿಯವನ ಕಡಿಂದ ತಂದೇನಿ."

ಹಿಂದಿನ ಬಾಗಿಲು ತೆರೆದಾಗ ಒಳಗೆ ದತ್ತಾತ್ರಿಯ ಹೆಂಡತಿ ಜನಾಬಾಯಿ ಕೂತಿದ್ದಳು. ಹೋದ ವರ್ಷ ಕುರಿ ಹಿಂದೆ ಹೋಗುವಾಗ ಕಲ್ಲಿನ ಖಣಿಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ರಾಡ್ ಹಾಕಿದ್ದರು. ಕೋಲೂರಿಕೊಂಡು ಅಂಗಳ ದಾಟುವುದಷ್ಟೇ ಈಗ ಅವಳ ನಡಿಗೆ. ಕುರಿಯೋ, ಬೆಳೆ ಕಟಾವಾದ ಮೇಲೆ ನಿಲ್ಲುವ ಜಾತಿಯೇ ಅಲ್ಲ. ಔರಾದಿನಿಂದ ಭಾಲ್ಕಿ ಕಡೆಗೆ ಹೊಲದಿಂದ ಹೊಲಕ್ಕೆ ಹಿಂಡು ಸಾಗುತ್ತದೆ. ಗೊಬ್ಬರ ಸಿಗಲೆಂದು ರೈತರು ತಮ್ಮ ಹೊಲದಲ್ಲೇ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಜನಾಬಾಯಿ ಮದುವೆಯಾಗಿ ಬಂದಾಗಿನಿಂದ ಪ್ರತಿ ಚಳಿಗಾಲವನ್ನೂ ಆ ಹೊಲಗಳಲ್ಲೇ ಕಳೆದವಳು.

"ನಮ್ಮ ತಂಗಿ ಮಲ್ಲೇಶ್ವರಿ ಭಾಲ್ಕ್ಯಾಗ ಇರ್ತಾಳ್ರಿ ಅಣ್ಣಾ," ಎಂದಳು. "ಬಾ ಅಕ್ಕ, ಒಂದು ಖೋಲಿ ಕೊಡ್ತೇನಿ ಅಂತಾಳ. ಆಕಿ ಮನ್ಯಾಗ ಟಿವಿ ಅದ, ಫ್ಯಾನ್ ಅದ. ಕುರಿ ಇಲ್ಲ. ಕುರಿ ವಾಸನಿ ಇಲ್ದ ನನಗ ನಿದ್ದಿ ಹತ್ತಂಗಿಲ್ರಿ. ಈ ಗಾಡಿ ಆಗಲಿಲ್ಲಂದ್ರ ನಾ ಭಾಲ್ಕಿ ಪಾಲು."

"ಈಕಿ ಭಾಲ್ಕಿ ಪಾಲಾದ್ರ ನಾ ರೊಟ್ಟಿ ಸುಡೋದ್ ಕಲೀಬೇಕು," ಎಂದ ದತ್ತಾತ್ರಿ. "ರೊಕ್ಕ ಕಡಿಮಿ ಅದ ಉಸ್ತಾದರೇ. ಉಣ್ಣಿ ಬೇಕಾದಷ್ಟದ."

ಈ ಭಾಗದ ಒರಟು ಉಣ್ಣೆಯನ್ನು ಈಗ ಯಾರೂ ಕೇಳುವುದಿಲ್ಲ. ಉಣ್ಣೆ ಮಾರಿ ಉಣ್ಣುವ ಕಾಲ ಹೋಗಿ ಬಹಳ ದಿನವಾಯಿತು. ಆದರೆ ಬದ್ರೋದ್ದೀನನ ಬೆರಳಿಗೆ ಅರಳೆಯ ನೆನಪಿತ್ತು. ಚೀಲ ಬಿಚ್ಚಿ ಒಂದು ಹಿಡಿ ಹಿಂಜಿ ನೋಡಿದ. ಅವನ ಮುಖ ಅರಳಿತು.

ಹೊಸದೇನನ್ನೂ ಕೊಳ್ಳದೆ ಒಂದು ಮನೆ ಮಾಡುವ ಕೆಲಸ ಅವನಿಗೆ ಹಬ್ಬವಾಯಿತು. ಮುನವ್ವರ ಬೇಗಂ ಉಣ್ಣೆಯನ್ನು ಸೋಡಾ ನೀರಲ್ಲಿ ಕುದಿಸಿ ತೊಳೆದು ಮಾಳಿಗೆ ಮೇಲೆ ಹರವಿದಳು. ಬದ್ರೋದ್ದೀನ ಅದನ್ನು ಹಿಂಜಿ, ಹಳೇ ಸೀರೆಗಳ ನಡುವೆ ತುಂಬಿ, ಚೌಕ ಚೌಕವಾಗಿ ಹೊಲಿದು ಗಾಡಿಯ ಗೋಡೆಗೆಲ್ಲ ಹೊದಿಸಿದ. ಶಾಮಿಯಾನದವನು ಬಿಸಾಡಿದ್ದ ಕೆಂಪು-ಹಳದಿ ಬಟ್ಟೆ ಮೇಲ್ಛಾವಣಿಯಾಯಿತು. ಸ್ಟ್ರೆಚರ್ ಇಡುವ ಕಂಬಿಯ ಮೇಲೆ ಹಲಗೆ ಕೂರಿಸಿ ಹಾಸಿಗೆ. ಆಕ್ಸಿಜನ್ ಸಿಲಿಂಡರಿನ ಬಳೆಯಲ್ಲಿ ನೀರಿನ ಕೊಡ. ಸಲೈನ್ ತೂಗುವ ಕೊಂಡಿಗೆ ಹಾಲಿನ ಕ್ಯಾನು. ಔಷಧದ ಪೆಟ್ಟಿಗೆಯಲ್ಲಿ ಮೈಲಾರ ಮಲ್ಲಣ್ಣನ ಫೋಟೊ, ಭಂಡಾರದ ಅರಿಶಿನದ ಡಬ್ಬಿ. ಓಡಿಸುವವನ ಕಡೆಗಿದ್ದ ಗಾಜಿನ ಕಿಂಡಿಯನ್ನೂ, ಹೆಂಗಸು ಮಲಗುವ ಜಾಗ ಎಂದು, ಉಣ್ಣೆಯಿಂದ ಮುಚ್ಚಿದ. ಗಾಳಿ ನುಸುಳುವ ಸಂದಿಗೊಂದಿಗಳಿಗೆಲ್ಲ ಬತ್ತಿ ಮಾಡಿ ತುರುಕಿದ. ಬೀದರಿನ ಚಳಿ ಅವನಿಗೆ ಗೊತ್ತಿತ್ತು.

ಉಳಿದದ್ದು ನೆಲ. ಹಳೇ ರಬ್ಬರ್ ಚಾಪೆಯ ಒಂದು ಮೂಲೆ ಎತ್ತಿದ. ಕೆಳಗೆ ತುಕ್ಕು ತಿಂದು ಅಂಗೈಯಗಲ ತೂತು. ತೂತಿನಲ್ಲಿ ಸೈಲೆನ್ಸರಿನ ಬೆನ್ನು, ಅದರಾಚೆ ಭಾಲ್ಕಿ ರಸ್ತೆ. ಚಾಪೆಯನ್ನು ಇನ್ನಷ್ಟು ಎತ್ತಬಹುದಿತ್ತು. ಅವನು ಇಳಿಸಿದ.

ಪರದೆ ಕಟ್ಟುತ್ತಿದ್ದ ಮುನವ್ವರ ಬೇಗಂ ಕಾಲು ಹಿಂದೆಗೆದಳು. "ನೀಚೆ ಛೇದ ಹೈ ಜೀ, ಹವಾ ಆರೈ." ಕೆಳಗೆ ತೂತಿದೆ, ಗಾಳಿ ಬರುತ್ತಿದೆ ಎಂದು.

"ಮುಚ್ಚತೇನಿ," ಎಂದ ಅವನು.

ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರುವ ಫ್ಲೆಕ್ಸ್ ಒಂದು ಅಂಗಡಿಯಲ್ಲಿ ಬಿದ್ದಿತ್ತು. ನಗುವ ಮುಖ, ಮುಗಿದ ಕೈ. ಮುಖದ ಮೇಲೆ ಜನಾಬಾಯಿ ಕಾಲಿಡುವುದು ಸರಿಯಲ್ಲವೆಂದು ಅದನ್ನು ಬೋರಲಾಗಿ ಹಾಸಿ, ಮೇಲೆ ಉಣ್ಣೆ ತುಂಬಿದ ದಪ್ಪ ಜಮಖಾನೆ ಹೊಲಿದು ಅಂಚಿಗೆ ಮೊಳೆ ಹೊಡೆದ. ನೆಲ ಎಷ್ಟು ಮೆತ್ತಗಾಯಿತೆಂದರೆ ದತ್ತಾತ್ರಿ ಚಪ್ಪಲಿ ಬಿಟ್ಟು ಹತ್ತಿದ.

ಜನಾಬಾಯಿ ಗೋಡೆ ಮುಟ್ಟಿದಳು, ಮೂಗು ಹಚ್ಚಿದಳು. "ಸೋಡಾ ವಾಸನಿ ಅದ. ಇರ್ಲಿ, ನಮ್ಮ ಮರಿಗೋಳು ಒಂದೇ ದಿನದಾಗ ಹೊಲಸ್ ಮಾಡ್ತಾವ," ಎಂದು ಬಾಯ್ತುಂಬ ನಕ್ಕಳು. ಅಂಥ ನಗುವನ್ನು ಬದ್ರೋದ್ದೀನ ತನ್ನ ಕೆಲಸಕ್ಕೆ ಕೂಲಿಯಾಗಿ ಹಿಂದೆಂದೂ ಪಡೆದಿರಲಿಲ್ಲ.

ಸಂಕ್ರಾಂತಿ ಹತ್ತಿರವಾದಾಗ ಗಾಡಿ ಮತ್ತೆ ಅಂಗಡಿ ಮುಂದೆ ಬಂತು. ಇಳಿದವರು ದತ್ತಾತ್ರಿ, ಶಿವಕಾಂತ ಇಬ್ಬರೇ. ಜನಾಬಾಯಿಯನ್ನು ಹಿಂಡಿನ ಹತ್ತಿರ ಬಿಟ್ಟುಬಂದಿದ್ದರು.

"ಮರಿ ಸತ್ತಾವ್ರಿ," ಎಂದ ದತ್ತಾತ್ರಿ.

ದಾರಿಯಲ್ಲಿ ಈದ ಕುರಿಯ ಮರಿಗಳಿಗೆ ನಡೆಯಲು ಆಗುವುದಿಲ್ಲ. ಮೊದಲೆಲ್ಲ ಹೆಂಗಸರು ಜೋಳಿಗೆಯಲ್ಲಿ ಹೊರುತ್ತಿದ್ದರು. ಈಗ ಜನಾಬಾಯಿಯ ಗಾಡಿಯ ನೆಲ ಅವುಗಳ ತೊಟ್ಟಿಲು. ಬೆಳಿಗ್ಗೆ ಬೆಚ್ಚಗೆ ಮಲಗಿಸಿದ ಮರಿಗಳು ಮಧ್ಯಾಹ್ನ ಇಳಿಸುವಾಗ ಕಟ್ಟಿಗೆಯಾಗಿದ್ದವು. ಜನಾಬಾಯಿಗೂ ತಲೆಶೂಲೆ, ವಾಂತಿ. ಬಂಧುಗಳು ಹೇಳಿದ್ದರು: ಆಂಬುಲೆನ್ಸಿನಲ್ಲಿ ಎಷ್ಟು ಜನ ಸತ್ತಿದ್ದಾರೋ, ಯಾರೋ ಇನ್ನೂ ಇಳಿದಿಲ್ಲ.

"ದರ್ಗಾದಿಂದ ಒಂದು ತಾವೀಜ್ ಮಾಡಿಸಿ ಕೊಡ್ರಿ ಉಸ್ತಾದರೇ. ನಿಮ್ಮ ಕೈಲೆ ಒಳಗ ಹೊಲೀರಿ."

ಬದ್ರೋದ್ದೀನನ ಕಣ್ಣು ತಾನಾಗಿ ಗಾಡಿಯ ಕೆಳಗೆ ಹೋಯಿತು. ಹೋದಷ್ಟೇ ಬೇಗ ಹಿಂತಿರುಗಿತು. ತೂತು ಇದ್ದರೇನು, ಮುಚ್ಚಿದೆ. ಸತ್ತವರ ಕಾಟವೆಂದು ಅವರೇ ಹೇಳುತ್ತಿರುವಾಗ ಬದುಕಿರುವ ತಾನು ನಡುವೆ ಬಾಯಿ ಹಾಕುವುದೇಕೆ? ತಾವೀಜ್ ತಂದ. ಸೂಜಿ ಹಿಡಿದು ಒಳಗೆ ಹತ್ತಿ, ಬಾಗಿಲು ಎಳೆದುಕೊಂಡು, ಶಾಮಿಯಾನ ಬಟ್ಟೆಯ ಒಳಮೈಗೆ ಅದನ್ನು ಹೊಲಿಯತೊಡಗಿದ. ಎಂಜಿನ್ ಗುರುಗುಡುತ್ತಲೇ ಇತ್ತು. "ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ರಿ," ಎಂದಿದ್ದ ಶಿವಕಾಂತ.

ಹೊಲಿಗೆ ಮುಗಿದು ಇಳಿದಾಗ ನೆಲ ಓರೆಯಾಯಿತು. ಅವನು ಚಹಾದವನ ಬೆಂಚಿನ ಮೇಲೆ ಕುಸಿದು ಕೂತ.

"ವಯಸ್ಸಾತ್ರಿ," ಎಂದು ನಕ್ಕ. ಗಾಡಿ ಹೊರಟುಹೋಯಿತು.

ಸಂಜೆಯವರೆಗೂ ಹಣೆ ಸಿಡಿಯಿತು. ಮುನವ್ವರ ಬೇಗಂ ಅವನ ಅಂಗಿ ಒಗೆಯಲು ತೆಗೆದುಕೊಂಡವಳು ಮೂಸಿ, ಅವನ ಮುಂದೆ ಹಿಡಿದಳು. ಡೀಸೆಲ್ ಹೊಗೆ.

"ಛೇದಕ್ಕ ತಾವೀಜ್ ಕಟ್ಟಿ ಬಂದ್ರೇನ್ರಿ ಮಿಯಾ?" ಎಂದಳು. ನಗಲಿಲ್ಲ.

ಬೆಳಿಗ್ಗೆ ಏಳುವಾಗ ತಲೆನೋವು ಪೂರಾ ಬಿಟ್ಟಿತ್ತು. ಅದೇ ಅವನನ್ನು ಹೆದರಿಸಿತು. ವಯಸ್ಸು ಒಂದು ರಾತ್ರಿಗೆ ಬಂದು ಹೋಗುವ ನೆಂಟನಲ್ಲ. ಶಿವಕಾಂತನಿಗೆ ಫೋನು ಹಚ್ಚಿದ. ಎಷ್ಟು ಬಡಿದುಕೊಂಡರೂ ಎತ್ತುವವರಿಲ್ಲ. ದತ್ತಾತ್ರಿಯ ಫೋನು ಬಂದ್. ಸೀಟು ಕತ್ತರಿಸುವ ಚೂರಿಯನ್ನು ಚೀಲಕ್ಕೆ ಹಾಕಿಕೊಂಡು ಭಾಲ್ಕಿ ಬಸ್ ಹತ್ತಿದ. ಭಾಲ್ಕಿಯಿಂದ ಒಂದು ಆಟೋ ಹಿಡಿದು ಔರಾದ ದಿಕ್ಕಿಗೆ ತಿರುಗಿಸಿ, "ಕುರಿ ಕಂಡ ಕಡೆ ನಿಲ್ಲಸಪ್ಪ," ಎಂದ.

ಮೊದಲು ಧೂಳು ಕಂಡಿತು, ಆಮೇಲೆ ಕುರಿ, ಅವುಗಳ ಮುಂದೆ ಕಂಬಳಿಯ ದತ್ತಾತ್ರಿ. ಎಲ್ಲಕ್ಕಿಂತ ಹಿಂದೆ ಗಾಡಿ. ಕುರಿಯ ನಡಿಗೆಗೆ ತಕ್ಕಂತೆ ತೆವಳುತ್ತ, ನಿಲ್ಲುತ್ತ, ನಿಂತಲ್ಲೇ ಹೊಗೆ ಕಾರುತ್ತ ಬರುತ್ತಿತ್ತು. ಮುಂದೆ ಕಿಟಕಿ ತೆಗೆದುಕೊಂಡು ಶಿವಕಾಂತ ಹಾಡು ಹಾಕಿಕೊಂಡಿದ್ದ. ಹಿಂದೆ ಚಳಿಗೆ ಎಲ್ಲ ಮುಚ್ಚಿತ್ತು, ಪರದೆ ಎಳೆದಿತ್ತು.

ಬದ್ರೋದ್ದೀನ ಆಟೋ ಇಳಿದು, ಗಾಡಿ ನಿಲ್ಲಿಸಲು ಕೂಗುತ್ತ ಹಿಂಬಾಗಿಲು ಜಗ್ಗಿದ. ಜನಾಬಾಯಿ ಹಾಸಿಗೆಯಲ್ಲಿ ಬಾಯಿ ತೆರೆದು ಮಲಗಿದ್ದಳು. ಮುಖ ಜ್ವರ ಬಂದವರಂತೆ ಕೆಂಪು. ತೊಡೆಯ ಮೇಲಿನ ಮರಿಯ ಕತ್ತು ಜೋತುಬಿದ್ದಿತ್ತು. "ಅಕ್ಕಾ!" ಎಂದ. ಕಣ್ಣು ತೆರೆಯಲಿಲ್ಲ. ಬಗಲಿಗೆ ಕೈ ಹಾಕಿ ಎಳೆದು ರಸ್ತೆ ಬದಿಯ ಕಡಲೆ ಹೊಲದಲ್ಲಿ ಮಲಗಿಸಿದ.

ದತ್ತಾತ್ರಿ ಓಡಿಬಂದವನೇ ಅವನ ಎದೆಗೆ ಕೋಲಿನಿಂದ ತಳ್ಳಿದ. "ಯಾಕ್ರಿ, ನನ್ನ ಹೇಣ್ತಿ ಮೈಗಿ ಕೈ ಹಚ್ಚತೀರಿ? ಹುಚ್ಚ ಹಿಡದದೇನು?"

"ಗಾಳಿ ಬಿಡ್ರಿ ಆಕಿಗಿ! ಮದ್ಲ ಗಾಳಿ ಬಿಡ್ರಿ!"

ಸ್ವಲ್ಪ ಹೊತ್ತಿಗೆ ಜನಾಬಾಯಿ ಹೊರಳಿ ವಾಂತಿ ಮಾಡಿಕೊಂಡಳು. ದತ್ತಾತ್ರಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಬದ್ರೋದ್ದೀನ ಗಾಡಿಯೊಳಗೆ ಹೋಗಿ ಚೂರಿ ತೆಗೆದ. ಆಯುಷ್ಯದಲ್ಲಿ ಮೊದಲ ಸಲ, ಗಿರಾಕಿಯ ಎದುರಿಗೇ ತನ್ನ ಹೊಲಿಗೆಯನ್ನು ತಾನೇ ಸೀಳಿದ. ಉಣ್ಣೆ ಹೊರಬಂತು, ಕರ್ರಗೆ. ಜಮಖಾನೆ ಕಿತ್ತ. ಫ್ಲೆಕ್ಸನ್ನು ತಿರುವಿದ. ನಗುತ್ತಿದ್ದ ಮುಖ ಮಸಿ ಹಿಡಿದು ಸುಟ್ಟು ಸೊಟ್ಟಗಾಗಿತ್ತು. ಮುಗಿದ ಕೈ ಮಾತ್ರ ಉಳಿದಿತ್ತು. ರಬ್ಬರ್ ಚಾಪೆ ಎಳೆದರೆ ಅದರ ಜೊತೆಗೆ ನೆಲವೂ ಹೊಟ್ಟಿನಂತೆ ಎದ್ದುಬಂತು. ಅಂಗೈಯಗಲದ ತೂತು ಈಗ ಆಳೊಬ್ಬ ಇಳಿಯುವಷ್ಟು ದೊಡ್ಡದು. ಕೆಳಗೆ ಒಡೆದ ಸೈಲೆನ್ಸರು, ಅದರಾಚೆ ರಸ್ತೆ, ರಸ್ತೆಯ ಮೇಲೆ ಹಿಕ್ಕೆ.

ದತ್ತಾತ್ರಿ ಬಂದು ನೋಡಿದ.

"ಇದು ನಿಮಗ ಗೊತ್ತಿತ್ತೇನ್ರಿ?"

"ಇಷ್ಟ್ ಗೊತ್ತಿರಲಿಲ್ಲ," ಎಂದ ಬದ್ರೋದ್ದೀನ. ಅದೂ ಒಂದು ಹೊದಿಕೆ ಎಂದು ಅವನಿಗೇ ಕೇಳಿಸಿತು. "ಒಂದು ತೂತು ನೋಡಿದ್ದೆ. ಮುಚ್ಚಿದೆ."

ದತ್ತಾತ್ರಿ ಹೊಡೆಯಲಿಲ್ಲ. ಹೊಡೆದಿದ್ದರೆ ಸುಲಭವಿತ್ತು.

ಜನಾಬಾಯಿಯನ್ನು ಆಟೋದಲ್ಲಿ ಭಾಲ್ಕಿ ದವಾಖಾನೆಗೆ ಒಯ್ದರು. ಅವಳು ಬದುಕಿದಳು. ಗಾಡಿಯನ್ನು ಭಾಲ್ಕಿಯ ವೆಲ್ಡಿಂಗಿನವನ ಮುಂದೆ ನಿಲ್ಲಿಸಿದರು. ಅವನು ಕೆಳಗೆ ತೂರಿ, ಸುತ್ತಿಗೆಯಿಂದ ಅಲ್ಲಿ ಇಲ್ಲಿ ತಟ್ಟಿ, ಮೈತುಂಬ ತುಕ್ಕು ಉದುರಿಸಿಕೊಂಡು ಹೊರಬಂದ. "ಬೆಸಿಗಿ ಹಾಕ್ಬೇಕಂದ್ರ ಕಬ್ಬಿಣ ಬೇಕಲ್ರಿ? ಇದರಾಗ ಕಬ್ಬಿಣ ಎಲ್ಲದ? ಯಾರೂ ಬಿಚ್ಚಿಲ್ಲ ಅಂತ ಇಷ್ಟ್ ದಿನ ಓಡ್ಯದ."

ಗಾಡಿ ಬಂದಲ್ಲಿಗೇ, ಗುಜರಿಗೆ ಹೋಯಿತು. ಬಂದ ರೊಕ್ಕ ದವಾಖಾನೆಗೆ ಹೋಯಿತು. ಕುರಿಗಳಿಗೆ ಮೇವು ಮುಗಿದಿತ್ತು. ದತ್ತಾತ್ರಿ, ಶಿವಕಾಂತ ಹಿಂಡು ಹೊಡೆದುಕೊಂಡು ಮುಂದೆ ಹೋದರು. ಜನಾಬಾಯಿ ತಂಗಿ ಮಲ್ಲೇಶ್ವರಿಯ ಖೋಲಿಯಲ್ಲಿ, ಫ್ಯಾನಿನ ಕೆಳಗೆ ಉಳಿದಳು.

ಬದ್ರೋದ್ದೀನ ಸೀಳಿದ ಉಣ್ಣೆಯನ್ನೆಲ್ಲ ಚೀಲಕ್ಕೆ ತುಂಬಿ ಬೀದರಿಗೆ ತಂದಿದ್ದ. ಮತ್ತೆ ಹಿಂಜಿದ. ಮುನವ್ವರ ಬೇಗಂ ಸೋಡಾ ನೀರು ಕಾಯಿಸಲು ಎದ್ದರೆ "ನಕೋ" ಎಂದ. ತೊಳೆಯದೆಯೇ ಒಂದು ಗಾದಿ ಹೊಲಿದು, ತಲೆ ಮೇಲೆ ಹೊತ್ತು ಬಸ್ಸಿನಲ್ಲಿ ಭಾಲ್ಕಿಗೆ ಒಯ್ದ.

ಮಲ್ಲೇಶ್ವರಿ ಬಾಗಿಲು ತೆಗೆದಳು. "ನೀವೇ ಏನ್ರಿ ಅವ್ರು?" ಎಂದು ಮೇಲೆ ಕೆಳಗೆ ನೋಡಿ ಒಳಗೆ ಬಿಟ್ಟಳು. ಜನಾಬಾಯಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗಲಿಲ್ಲ.

"ಯಾಕ ಬಿಚ್ಚಿದ್ರಿ ಅಣ್ಣಾ?"

"ನೀವು ಸಾಯ್ತಿದ್ರಿ ಅಕ್ಕಾ."

"ಕುರಿ ಹಿಂದ ಸಾಯ್ತಿದ್ದೆ," ಎಂದಳು. "ಇಲ್ಲಿ ಟಿವಿ ಮುಂದ ಸಾಯಬೇಕು."

ಇಷ್ಟು ವರ್ಷ ಯಾವ ಮಾತಿಗೂ ಅವನ ಹತ್ತಿರ ಮೇಲೆ ಹೊದಿಸಲು ಒಂದು ತುಂಡು ಇರುತ್ತಿತ್ತು. ಈಗ ಇದ್ದದ್ದು ಗಾದಿಯೊಂದೇ, ಅದನ್ನು ಹಾಸಿದ. ಮಲ್ಲೇಶ್ವರಿ ಮೂಗು ಮುಚ್ಚಿಕೊಂಡು ಕಿಟಕಿ ತೆಗೆದಳು. ಇಬ್ಬರೂ ಹಿಡಿದು ಜನಾಬಾಯಿಯನ್ನು ಅದರ ಮೇಲೆ ಹೊರಳಿಸಿದರು.

ಅವಳು ಗಾದಿಗೆ ಮೂಗು ಒತ್ತಿ ಉದ್ದಕ್ಕೆ ಎಳೆದುಕೊಂಡಳು. ಮತ್ತೊಮ್ಮೆ ಎಳೆದುಕೊಂಡಳು. ಬದ್ರೋದ್ದೀನ ಕಾದ.

"ಕುರಿ ವಾಸನಿ ಇಲ್ಲ," ಎಂದಳು. "ಹೊಗಿ ವಾಸನಿ ಅದ."

"ಬಿಚ್ಚಿ ತೊಳದು ಕೊಡ್ಲೇನ್ರಿ?"

"ಬ್ಯಾಡ." ಕಣ್ಣು ಮುಚ್ಚಿಕೊಂಡಳು. "ಇರ್ಲಿ. ಎಲ್ಲಿಗೋ ಹೊಂಟಂಗರ ಅನಸ್ತದ."