ಒದ್ದೆಯಾಗದ ಬಕೆಟ್

ನಮ್ಮ ಸೋದರಮಾವನಿಗೆ ಬಳಗವೆಲ್ಲ ಸೇರಿ ಇಟ್ಟ ಹೆಸರು ಅವಸರಪ್ಪ. ಕಾಫಿ ಆರುವ ತನಕ ಕಾದವರಲ್ಲ. ಚಪ್ಪಲಿ ಅದಲುಬದಲಾಗದೆ ಮನೆಯಿಂದ ಹೊರಟದ್ದನ್ನು ನಾನಂತೂ ನೋಡಿಲ್ಲ. ಇಂಥವರ ಕೈಗೆ ಒಂದು ಹೊಳೆಯನ್ನೇ ಕೊಟ್ಟಿದ್ದರು. ಜಲವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಕೂತು, ಕರೆಂಟು ಹೆಚ್ಚು ಬೇಕಾದಾಗ ಟರ್ಬೈನಿಗೆ ನೀರು ಬಿಡುವುದು, ಸಾಕಾದಾಗ ಇಳಿಸುವುದು ಅವರ ಕೆಲಸ.

ಮಾವ ನೀರು ಇಳಿಸುವ ಗುಂಡಿಯನ್ನು ಗರಕ್ಕನೆ ತಿರುಗಿಸಿದರೆ ಕೆಳಗೆ ಹೊಳೆ ಒಮ್ಮೆಲೇ ಇಳಿದುಬಿಡುತ್ತಿತ್ತು. ದಡದ ಕಲ್ಲುಗಳ ಸಂದಿಯಲ್ಲಿದ್ದ ಮೀನುಮರಿಗಳು ನೀರಿನ ಹಿಂದೆ ಓಡಲಾರದೆ ಅಲ್ಲೇ ಸಿಕ್ಕಿಬೀಳುತ್ತಿದ್ದವು. ಅತ್ತೆ ಬಕೆಟ್ ಹಿಡಿದು ಹೋಗಿ, ಬದುಕಿದ್ದವನ್ನು ಹೊಳೆಗೆ ಬಿಟ್ಟು, ಸತ್ತವನ್ನು ಗಂಡನಿಗೆ ತೋರಿಸಲೆಂದೇ ಮನೆಗೆ ತರುತ್ತಿದ್ದರು. ಮಾವನ ಮುಖ ಸಣ್ಣಗಾಗುತ್ತಿತ್ತು. ಮರುದಿನ ಕೈಗೆ ಮತ್ತೆ ಅದೇ ಚಾಳಿ.

ಹೊಸದಾಗಿ ಬಂದ ಇಂಜಿನಿಯರಮ್ಮ ಇನ್ನು ಮೇಲೆ ನೀರನ್ನು ನಿಧಾನಕ್ಕೆ ಇಳಿಸಬೇಕು ಎಂದರು. ಮರಿಗಳು ಹೀಗೇ ಸಾಯುತ್ತಿದ್ದರೆ ಆ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸುತ್ತಾರಂತೆ. ತಪಾಸಣೆಗೆ ಅತ್ತೆಯ ಬಕೆಟ್ಟೇ ಸಾಕಂತೆ. ಆ ಕುರ್ಚಿ ಎಂದರೆ ಮಾವನಿಗೆ ಪ್ರಾಣ. ಸತ್ತ ಮರಿಗಳನ್ನು ಬಕೆಟ್ಟಿಗೆ ಹಾಕಬೇಡವೆಂದು ಹೆಂಡತಿಯನ್ನು ಪುಸಲಾಯಿಸಿ ನೋಡಿದರು. ಅತ್ತೆ ಜಗ್ಗಲಿಲ್ಲ.

ಅಷ್ಟರಲ್ಲಿ ಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ನಿದ್ದೆಹೋದ ಮೊಮ್ಮಗಳನ್ನು ಮಲಗಿಸುವ ಆಸೆ ಮಾವನಿಗೆ. ಆದರೆ ಅವರು ತೊಟ್ಟಿಲಿಗೆ ಹಾಕಿದ್ದೇ ತಡ, ಅದು ಎದ್ದು ಅತ್ತು ಭೂಮಿ ಆಕಾಶ ಒಂದು ಮಾಡುತ್ತಿತ್ತು. ಕೊನೆಗೆ ಮಗಳೇ ಪಾಠ ಹೇಳಿದಳು.

"ಅಪ್ಪಾ, ಸ್ವಲ್ಪ ಇಳಿಸು, ನಿಲ್ಲು, ಮತ್ತೆ ಇಳಿಸು. ಇಳಿಸ್ತಾ ಇರೋದು ಅವಳಿಗೆ ಗೊತ್ತೇ ಆಗಬಾರದು. ಮಲಗಿಸಿದ ಮೇಲೂ ಕೂಡ್ಲೇ ಕೈ ತೆಗೀಬೇಡ."

ಸ್ವಲ್ಪ ಇಳಿಸು, ನಿಲ್ಲು, ಮತ್ತೆ ಇಳಿಸು ಎಂದು ಮಾವ ತಮಗೆ ತಾವೇ ಹೇಳಿಕೊಂಡರು. ಮರುದಿನ ಕಂಟ್ರೋಲ್ ರೂಮಿನಲ್ಲಿ ಗುಂಡಿಯನ್ನು ಒಂಚೂರು ತಿರುಗಿಸಿ, ಕೈಯಿಟ್ಟುಕೊಂಡೇ ಕಿಟಕಿಯಾಚೆ ಹೊಳೆಯನ್ನು ನೋಡಿದರಂತೆ. ಆಮೇಲೆ ಇನ್ನೊಂಚೂರು. ಬಾಯಲ್ಲಿ ಮೆಲ್ಲಗೆ ಜೋಜೋ ಬೇರೆ. ಜೊತೆಯವರು ಬಿದ್ದು ಬಿದ್ದು ನಕ್ಕರು. ಮಾವ ಕಿವಿಗೇ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಅತ್ತೆ ಹೊಳೆಯಿಂದ ಬಂದಾಗ ಮಾವ ಪಾಳಿ ಮುಗಿಸಿ ಬಂದು ತೊಟ್ಟಿಲ ಮೇಲೆ ಬಾಗಿದ್ದರು. ಕೂಸು ಇನ್ನೂ ಅರ್ಧ ಕೈಯಲ್ಲಿ, ಅರ್ಧ ಹಾಸಿಗೆಯಲ್ಲಿ. ಅತ್ತೆ ಬಕೆಟ್ಟನ್ನು ಅವರ ಕಣ್ಣೆದುರು ಬೋರಲು ಹಾಕಿದರು. ಮೀನು ಹಾಗಿರಲಿ, ಒಂದು ತೊಟ್ಟು ನೀರೂ ಬೀಳಲಿಲ್ಲ. ಕುಣಿದುಬಿಡುವಷ್ಟು ಖುಷಿ ಮಾವನಿಗೆ. ಒಳಗೊಳಗೇ ನಕ್ಕು ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ಕೂಸಿನ ಬೆನ್ನಡಿಯಿಂದ ಕದಲಲಿಲ್ಲ.