ಹೊರಗೆ ಕೂತ ದೊಡ್ಡಮ್ಮ

ಕುರುಗೋಡಿನ ನಮ್ಮ ಮನೆಯ ಮಡಿ ನೋಡಿ ದೇವರೇ ಬೇಸತ್ತಿರಬೇಕು. ಮುಟ್ಟಾದ ಹೆಂಗಸರು ಹಿತ್ತಿಲ ಕೋಣೆಯಲ್ಲಿ ಕೂಡಬೇಕು, ಯಾರೂ ಹತ್ತಿರ ಸುಳಿಯಬಾರದು. ನಾನು ದೊಡ್ಡವಳಾದಾಗ ಸಿಕ್ಕ ಪಾಠವೂ ಅಷ್ಟೇ: "ಹೊರಗ ಕೂಡು, ಏನೂ ಕೇಳಬ್ಯಾಡ." ಶಾಲೆಯಲ್ಲಿ ಮುಟ್ಟಿನ ಪಾಠ ಬಂದಾಗ ಮೇಷ್ಟ್ರಿಗೆ ಕೆಮ್ಮು ಬಂತು, ಪುಸ್ತಕ ಮುಚ್ಚಿದರು.

ಎಪ್ಪತ್ತರ ದಶಕದ ಮೊದಲಲ್ಲಿ, ನಾನು ಕಾಲೇಜಿನಲ್ಲಿದ್ದಾಗ, ಮುಟ್ಟು ನಿಂತು ಎಷ್ಟೋ ವರ್ಷವಾಗಿದ್ದ ದೊಡ್ಡಮ್ಮ ಒಂದು ಬೆಳಿಗ್ಗೆ ತಾನಾಗಿ ಚಾಪೆ ಎತ್ತಿಕೊಂಡು ಹಿತ್ತಿಲಿಗೆ ನಡೆದಳು. ನಾಚಿಕೆಯ ಜೊತೆಗೆ ಒಳಗೊಳಗೇ ಹಿಗ್ಗು.

"ಹೋದ ಹರೇ ತಿರುಗಿ ಬಂತಲ್ಲೇ, ಇನ್ನೊಂದು ತೊಟ್ಟಿಲಾ ಕಟ್ಟಿಸೋಣೇನು?" ಎಂದು ಅಜ್ಜಿ ಚುಡಾಯಿಸಿದಳು. ಎಲ್ಲರೂ ನಕ್ಕೆವು.

ಆಮೇಲೆ ಅದು ತಿಂಗಳ ಲೆಕ್ಕ ಬಿಟ್ಟು ಬರತೊಡಗಿತು. ಮಿಂದು ಒಲೆ ಮುಂದೆ ಕೂತ ದೊಡ್ಡಮ್ಮ ಮಧ್ಯಾಹ್ನಕ್ಕೇ ಎದ್ದು ಹೊರಗೆ ಹೋಗುತ್ತಿದ್ದಳು. ಅಜ್ಜಿಗೆ ಮಡಿ ಕೆಟ್ಟಿತೆಂಬ ಸಿಟ್ಟು. ಊಟದ ಎಲೆಯನ್ನು ದೂರದಿಂದಲೇ ತಳ್ಳುತ್ತಿದ್ದ ನಮಗೆ ಅವಳು ಎಲುಬಿನ ಗೂಡಾಗಿದ್ದು ಕಾಣಲೇ ಇಲ್ಲ. ವಾಸನೆ ಶುರುವಾದ ಮೇಲೆ ಬಳ್ಳಾರಿಗೆ ಕರೆದೊಯ್ದೆವು.

ಗರ್ಭಕೋಶದ ಬಾಯಿಗೆ ಕ್ಯಾನ್ಸರ್, ಹಬ್ಬಿಬಿಟ್ಟಿದೆ ಎಂದರು ಡಾಕ್ಟರಮ್ಮ. "ಮುಟ್ಟು ನಿಂತ ಮ್ಯಾಲೆ ಮತ್ತ ರಕ್ತ ಹೋದ್ರ ಅದು ಮುಟ್ಟಲ್ರಿ, ರೋಗ. ಇಷ್ಟು ದಿನ ಏನ್ ಮಾಡಿದ್ರಿ?"

ಹೊರಗೆ ಕೂಡಿಸಿದ್ದೆವು. ದೊಡ್ಡಮ್ಮ ಉಗಾದಿ ಕಾಣಲಿಲ್ಲ. ಈ ರೋಗ ತಡೆಯಲು ಈಗ ಹುಡುಗಿಯರಿಗೆ ಲಸಿಕೆಯೇ ಇದೆ. ಆಗ ನಮಗೆ ಡಾಕ್ಟರಮ್ಮನ ಆ ಒಂದು ಮಾತು ಮೊದಲೇ ಸಿಕ್ಕಿದ್ದರೂ ಸಾಕಿತ್ತು.

ಆ ಮಾತನ್ನು ಹುಡುಗಿಯರ ಕಿವಿಗೆ ಹಾಕಲೇಬೇಕೆಂಬ ಹಟದಲ್ಲೇ ಸಿರುಗುಪ್ಪದಲ್ಲಿ ಹೈಸ್ಕೂಲು ಟೀಚರಾದೆ. ಪಾಠ ಹಾರಿಸಲಿಲ್ಲ. ಮುಟ್ಟು ಏಕೆ ಬರುತ್ತದೆ, ಯಾವಾಗ ನಿಲ್ಲುತ್ತದೆ, ನಿಂತ ಮೇಲೆ ರಕ್ತ ಕಂಡರೆ ಎಲ್ಲಿಗೆ ಓಡಬೇಕು, ಎಲ್ಲ ಹೇಳಿದೆ. ಮುಂದಿನ ಬೆಂಚು ನೆಲ ನೋಡಿತು, ಹಿಂದಿನದು ಕಿಸಕ್ಕೆಂದಿತು. ಗಂಟೆ ಹೊಡೆದ ಮೇಲೆ ಹಚ್ಚೊಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಉಳಿದುಕೊಂಡಳು.

"ಟೀಚರ್, ನಮ್ಮವ್ವಗೂ ಹಂಗ ಆಗಾಕತ್ತೈತ್ರಿ. ಒಳ್ಳೇದಾತು ಅಂತ ದೇವ್ರಿಗೆ ಕಾಯಿ ಒಡಿಸ್ಯಾಳ್ರಿ."

"ನಾಳೇನ ಬಳ್ಳಾರಿಗೆ ಕರ್ಕೊಂಡು ಹೋಗಾಕ ನಿಮ್ಮಪ್ಪಗ ಹೇಳವಾ. ಟೀಚರ್ ಹೇಳ್ಯಾರ ಅನ್ನು" ಎಂದೆ.

ಮರುದಿನ ಹುಡುಗಿಯ ಅಪ್ಪ ಒಬ್ಬನೇ ಶಾಲೆಗೆ ಬಂದ. "ನಮ್ಮನಿ ಹೆಣ್ಮಕ್ಕಳ ಸುದ್ದಿ ಸಾಲ್ಯಾಗ ಯಾಕ್ರಿ?" ಎಂದು ಹೆಡ್‌ಮಾಸ್ಟರ ಮುಂದೆ ಗುಡುಗಿದ. ಅವರು ಅವನಿಗೆ ಚಹಾ ತರಿಸಿದರು, ನನ್ನತ್ತ ತಿರುಗಿ "ಆ ಪಾಠ ಮನ್ಯಾಗ ಓದಿಕೊಳ್ಳಾಕ ಹೇಳ್ರಿ ಇನ್ನ" ಎಂದರು.

ಬಸ್‌ಸ್ಟ್ಯಾಂಡಿನವರೆಗೂ ಅವನ ಬೆನ್ನುಹತ್ತಿದೆ. ದೊಡ್ಡಮ್ಮನ ಕತೆ ಹೇಳಿದೆ, ಕಣ್ಣೀರಿಟ್ಟೆ, ಜನರೆದುರೇ ಕೈಮುಗಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಬಳ್ಳಾರಿ ಬಸ್ಸು ಅಲ್ಲೇ ನಿಂತಿತ್ತು, ಅರ್ಧ ಖಾಲಿ. ಕಂಡಕ್ಟರು ಕೂಗಿ ಕೂಗಿ ಕರೆಯುತ್ತಿದ್ದ. ಹುಡುಗಿಯ ಅಪ್ಪ ಹಚ್ಚೊಳ್ಳಿ ಬಸ್ಸು ಹತ್ತಿದ.