ಟ್ರೇಲರ್ ತಡೆದ ಕುರಿಹಿಂಡು

ಮ್ಹೈಸಾಳ ರಸ್ತೆಯ ತಿರುವಿನಲ್ಲಿ ಕುರಿ ಕಾಯುವ ಹೆಂಗಸೊಬ್ಬಳು ತನ್ನ ಇಡೀ ಹಿಂಡನ್ನು ನಮ್ಮ ಜೀಪಿಗೆ ಅಡ್ಡ ತಂದು ನಿಲ್ಲಿಸಿದಳು. ನನ್ನ ಗಂಡ ಗಕ್ಕನೆ ಬ್ರೇಕ್ ಹಾಕಿ, ಸಿಟ್ಟಿನಿಂದ ಹಾರ್ನ್ ಒತ್ತಿದರು. ಆಕೆ ಓಡಿ ಬಂದು ಕಿಟಕಿ ಬಡಿದಳು.

"ಲಗೂನ ಇಳೀರಿ ಅಕ್ಕಾರ, ಹಿಂದ ಹೊಗಿ ಬರಾಕತ್ತೈತಿ!"

ಜೀಪಿನ ಹಿಂದೆ ಕಟ್ಟಿದ್ದ ನಮ್ಮ ಪ್ರವಾಸದ ಟ್ರೇಲರ್‌ನೊಳಗೆ ಅತ್ತೆ ಮಲಗಿದ್ದರು. ಮಿರಜದಲ್ಲಿ ಅವರ ಸೊಂಟದ ಆಪರೇಷನ್ ಆಗಿತ್ತು, ಕೂತು ಬರುವಂತಿರಲಿಲ್ಲ. ನಾನು ಬಾಗಿಲು ತೆರೆದದ್ದೇ ತಡ, ಆ ಹೆಂಗಸು ಒಳಗೆ ಹತ್ತಿ ಅತ್ತೆಯ ತೋಳಿನಡಿ ಕೈ ಹಾಕಿದಳು. ಇಬ್ಬರೂ ಸೇರಿ ಅವರನ್ನು ಹೊತ್ತು ಬೇವಿನ ನೆರಳಿಗೆ ತಂದೆವು. ಅಷ್ಟರಲ್ಲಿ ನನ್ನ ಗಂಡ ಎಂಜಿನ್ ಆರಿಸಿ, ಜೀಪಿನಿಂದ ಟ್ರೇಲರ್‌ಗೆ ಹೋಗುವ ವೈರ್ ಕಿತ್ತರು. ಹೊಗೆ ನಿಂತಿತು.

ಟ್ರೇಲರ್‌ಗೆ ಹೊಸದಾಗಿ ಲಿಥಿಯಂ ಬ್ಯಾಟರಿ ಹಾಕಿಸಿದ್ದೆವು. ಓಡುವಾಗ ಅದು ಜೀಪಿನಿಂದಲೇ ಚಾರ್ಜ್ ಆಗುತ್ತಿತ್ತು. ಹಳೆಯದಕ್ಕಿಂತ ಹೆಚ್ಚು ಕರೆಂಟ್ ಎಳೆದಿದ್ದರಿಂದ ತೆಳ್ಳಗಿನ ವೈರ್ ಕಾದು ಕರಗಿತ್ತು.

"ಕುರಿ ಮ್ಯಾಲೆ ಗಾಡಿ ಹಾಯ್ದಿದ್ರ ಏನ್ ಮಾಡ್ತಿದ್ದಿ?" ಎಂದು ಕೇಳಿದೆ.

"ಮೊದಲ ಕೈ ಮಾಡಿದ್ನಿ, ನೀವು ನಿಲ್ಲಲಿಲ್ರಿ. ಮತ್ತೇನ್ ಮಾಡ್ಲಿ?" ಎಂದವಳೇ ಕಬ್ಬಿನ ಹೊಲಕ್ಕೆ ನುಗ್ಗುತ್ತಿದ್ದ ಕುರಿಗಳ ಹಿಂದೆ ಓಡಿದಳು.

ಈಗ ದಪ್ಪ ವೈರ್ ಹಾಗೂ ಕರೆಂಟನ್ನು ಮಿತಿಯಲ್ಲಿಡುವ ಚಾರ್ಜರ್ ಹಾಕಿಸಿದ್ದೇವೆ. ಅತ್ತೆ ಕೋಲು ಹಿಡಿದು ಓಡಾಡುತ್ತಾರೆ. ರಸ್ತೆಬದಿಯಲ್ಲಿ ಯಾರಾದರೂ ಕೈ ಎತ್ತಿದರೆ, ಯಾಕೆಂದು ಕೇಳದೆ ಮುಂದೆ ಹೋಗಲು ನಮ್ಮಿಬ್ಬರಿಗೂ ಮನಸ್ಸು ಬರುವುದಿಲ್ಲ.